ಎಚ್‌ಎಫ್ ಹಸು ಬಿಸಿಲಿಗೆ ತೇಕುವುದು ರೋಗವಾ?
ಅರಸೀಕೆರೆ ಬಿಸಿಲಿಗೆ ನಿಮ್ಮ ಎಚ್‌ಎಫ್ (ಹೋಲ್‌ಸ್ಟೀನ್ ಫ್ರೀಸಿಯನ್ ಎಂಬ ವಿದೇಶಿ ತಳಿ) ಹಸು ಬಾಯಿ ತೆರೆದು ತೇಕುತ್ತದೆ, ಹಾಲೂ ಇಳಿದಿದೆ, ಪಕ್ಕದ ಮನೆಯ ನಾಟಿ ತಳಿ ಹಳ್ಳಿಕಾರ್ ಮಾತ್ರ ಆರಾಮಾಗಿ ಮೆಲುಕು ಹಾಕುತ್ತಿದೆ ಅಂದಿರಿ. ಮಧ್ಯಾಹ್ನ ಮಾತ್ರ ಹೀಗಾದರೆ ಹೆಚ್ಚಾಗಿ ಸೆಕೆಯ ಕಾಟವೇ.

ಮೇವು ಹೊಟ್ಟೆಯಲ್ಲಿ ಹುದುಗುವಾಗಲೇ ಬಿಸಿ ಹುಟ್ಟುತ್ತದೆ. ಜಾಸ್ತಿ ಹಾಲಿನ ಹಸು ಜಾಸ್ತಿ ತಿನ್ನುತ್ತದೆ, ಒಳಗಿನ ಒಲೆಯೂ ಜೋರು. ಅದನ್ನು ತಗ್ಗಿಸೋಕೇ ಮೇವು ಬಿಡುತ್ತದೆ, ಆಗ ಹಾಲೂ ಇಳಿಯುತ್ತದೆ. ತೇಕಿದಾಗ ಉಸಿರಿನ ತೇವದ ಜೊತೆ ಬಿಸಿ ಹೊರಗೆ ಹೋಗುತ್ತದೆ. ಆದರೆ ಸುರಿಯುವ ಜೊಲ್ಲಿನಲ್ಲಿ ಹುಳಿ ತಗ್ಗಿಸುವ ಸೋಡಾ ಅಂಶ ಇರುತ್ತದೆ. ಅದು ಹೊಟ್ಟೆ ಸೇರದಿದ್ದರೆ ಅಲ್ಲಿ ಹುಳಿ ಏರುತ್ತದೆ. ಹಳ್ಳಿಕಾರ್‌ಗೆ ಹಾಲೇ ಕಮ್ಮಿ, ಬೆವರೋದೂ ಚೆನ್ನಾಗಿ. ಹೋಲಿಸೋದೇ ತಪ್ಪು ಅಲ್ವಾ!

ಪಕ್ಕೆ ನೋಡಿ ಉಸಿರು ಎಣಿಸಿ. ನಿಮಿಷಕ್ಕೆ 60 ದಾಟಿದರೆ ಮೈಗೆ ನೀರು ಹಾಕಿ ಫ್ಯಾನ್ ತಿರುಗಿಸಿ. ಮೇವು ಜಾಸ್ತಿ ಪಾಲು ರಾತ್ರಿಗಿರಲಿ. ಬೆಳಗಿನ ತಂಪಲ್ಲೂ ತೇಕುತ್ತಿದ್ದರೆ ಡಾಕ್ಟರನ್ನು ಕರೆಸಿ.