ಕೇಂದ್ರ ಸರ್ವರ್ ಇಲ್ಲದ ನಂಬಿಕೆ ಜಾಲದಲ್ಲಿ ಅಡ್ಡಹೆಸರು ಇಟ್ಟುಕೊಂಡರೆ ಗುಟ್ಟು ಉಳಿಯುತ್ತದಾ?

ಉಳಿಯುವುದಿಲ್ಲ. ಅಡ್ಡಹೆಸರಿಗೆ ಗೆಳೆಯರ ಕೈಯಲ್ಲಿ ಸಹಿ ಹಾಕಿಸುತ್ತೇನೆ, ಅದಕ್ಕೆ ಯಾವ ಬ್ಲಾಕ್‌ಚೈನ್ (ಒಬ್ಬರ ಹಿಡಿತದಲ್ಲಿಲ್ಲದೆ ಹಲವು ಕಂಪ್ಯೂಟರ್‌ಗಳಲ್ಲಿ ಇರುವ ದಾಖಲೆ ಪುಸ್ತಕ) ಸುರಕ್ಷಿತ ಎಂದು ಕೇಳಿದ್ದೀರಿ. 2015ರಲ್ಲಿ ನಾನು ಮಾಡಿದ್ದೂ ಅದನ್ನೇ.

ನಮ್ಮದು ಕಾಸರಗೋಡಿನ ಬದಿಯಡ್ಕದ ಹತ್ತಿರ ಅಡಿಕೆ ತೋಟ. ಪೇಟೆಯ ವ್ಯಾಪಾರಿಯೊಬ್ಬರು ಒಳ್ಳೆಯ ಚಾಲಿ ಅಡಿಕೆಯನ್ನೂ ಪಟೋರ, ಅಂದರೆ ಕೀಳು ದರ್ಜೆಯದು, ಎಂದು ಬದಿಗೆ ಹಾಕಿ ರೇಟು ಇಳಿಸುತ್ತಿದ್ದರು. ಅದನ್ನು ಅಡ್ಡಹೆಸರಲ್ಲಿ ಇಂಟರ್ನೆಟ್‌ನಲ್ಲಿ ಬರೆಯತೊಡಗಿದೆ. ಪ್ರತಿ ಬರಹದ ಕೆಳಗೆ ಪಿಜಿಪಿ ಸಹಿ. ಪಿಜಿಪಿ ಎಂದರೆ ಡಿಜಿಟಲ್ ಸಹಿ ಹಾಕುವ ತಂತ್ರಾಂಶ, ಆ ಸಹಿಯನ್ನು ಪರೀಕ್ಷಿಸಲು ಎಲ್ಲರಿಗೂ ಕೊಡುವ ಡಿಜಿಟಲ್ ಕೀಲಿಯೇ ಕೀ. ಪಿಜಿಪಿಯಲ್ಲಿ ಕೀ ಅಸಲಿಯೋ ನಕಲಿಯೋ ಎಂದು ಹೇಳುವ ಆಫೀಸು ಇಲ್ಲ, ಪರಿಚಯದವರೇ ಅದಕ್ಕೆ ಸಹಿ ಹಾಕಬೇಕು. ಇದೇ ನಂಬಿಕೆ ಜಾಲ. ಸಂಬಂಧ ಕುದುರಿಸುವ ಮೊದಲು ನಾಲ್ಕು ಮನೆಯಲ್ಲಿ ವಿಚಾರಿಸುತ್ತಾರಲ್ವಾ, ಹಾಗೆ.

ನಾವು ನಾಲ್ಕು ಜನ ಕಾಲೇಜು ಗೆಳೆಯರು ಮೊದಲೇ ಒಬ್ಬರ ಕೀಗೆ ಒಬ್ಬರು ಸಹಿ ಹಾಕಿಕೊಂಡಿದ್ದೆವು. ಅಡ್ಡಹೆಸರಿನ ಕೀಗೆ ಉಳಿದ ಮೂವರಿಂದ ಸಹಿ ಹಾಕಿಸಿದೆ. ನನ್ನ ಅಸಲಿ ಹೆಸರಿನ ಕೀಯಿಂದ ನಾನು ಮಾತ್ರ ಹಾಕಲಿಲ್ಲ. ಹಾಕಿದರೆ ಸಿಕ್ಕಿಬೀಳುತ್ತೇನೆ ಎಂಬ ಲೆಕ್ಕ, ಭಾರೀ ಬುದ್ಧಿವಂತ! ಎಲ್ಲವನ್ನೂ ಕೀ ಸರ್ವರ್‌ಗೆ, ಅಂದರೆ ಕೀಗಳನ್ನು ಎಲ್ಲರಿಗೂ ಸಿಗುವಂತೆ ಇಡುವ ಕಂಪ್ಯೂಟರ್‌ಗೆ, ಕಳಿಸಿದೆವು.

ತಪ್ಪು ಎಲ್ಲಿ ಆಯಿತೆಂದು ನಿಧಾನವಾಗಿ ನೋಡಿ. ಆ ಸರ್ವರ್‌ನಲ್ಲಿ ಕೀ ತೆರೆದರೆ ಅದಕ್ಕೆ ಯಾರು, ಯಾವ ತಾರೀಖು ಸಹಿ ಹಾಕಿದರೆಂದು ಕಾಣುತ್ತಿತ್ತು. ವ್ಯಾಪಾರಿಯ ಅಳಿಯ ಕಂಪ್ಯೂಟರ್ ಬಲ್ಲವನು. ನನ್ನ ಅಡ್ಡಹೆಸರಿನ ಕೀ ತೆರೆದ, ಮೂರು ಹೆಸರು ಸಿಕ್ಕವು. ಆ ಮೂವರ ಕೀಗಳನ್ನು ತೆರೆದ. ಮೂರರಲ್ಲೂ ನನ್ನ ಸಹಿ. ನಾಲ್ವರು ಪರಸ್ಪರ ಗೊತ್ತಿರುವವರು, ಗುಟ್ಟಿನ ಕೀಗೆ ಮೂವರ ಸಹಿ ಇದೆ, ನಾಲ್ಕನೆಯವನದು ಮಾತ್ರ ಇಲ್ಲ. ಯಾಕಿಲ್ಲ? ನಾನು ಹಾಕದೆ ಬಿಟ್ಟ ಸಹಿಯೇ ನನ್ನನ್ನು ತೋರಿಸಿಕೊಟ್ಟಿತು.

ಅಪ್ಪ ಅಡಿಕೆ ಕೊಂಡುಹೋದಾಗ ವ್ಯಾಪಾರಿ ನಗುತ್ತಾ ಹೇಳಿದರಂತೆ: "ಭಟ್ರೇ, ಮಗನ ಬರವಣಿಗೆ ಲಾಯ್ಕ ಉಂಟು." ಆ ದಿನ ಅಪ್ಪನ ಮೂಟೆಯಲ್ಲಿ ಅರ್ಧಕ್ಕರ್ಧ ಪಟೋರ!

ಹಾಗಾಗಿ, ಯಾವ ಬ್ಲಾಕ್‌ಚೈನ್ ವ್ಯವಸ್ಥೆ ಸುರಕ್ಷಿತ ಎಂಬ ನಿಮ್ಮ ಪ್ರಶ್ನೆಯೇ ನನಗೆ ಒಪ್ಪಿಗೆಯಿಲ್ಲ. ಹೆಸರು ಮುಚ್ಚಿದರೂ ಯಾರು ಯಾರನ್ನು ನಂಬುತ್ತಾರೆ ಎಂಬ ನಕ್ಷೆ ಬಯಲಲ್ಲೇ ಇರುತ್ತದೆ. 2009ರಲ್ಲಿ ನಾರಾಯಣನ್ ಮತ್ತು ಶ್ಮಾಟಿಕೋವ್ ಎಂಬ ಸಂಶೋಧಕರು ಟ್ವಿಟರ್, ಫ್ಲಿಕರ್ ಎರಡರಲ್ಲೂ ಖಾತೆ ಇದ್ದವರಲ್ಲಿ ಮೂರನೇ ಒಂದು ಪಾಲು ಜನರನ್ನು ಬರೀ ಸಂಪರ್ಕಗಳ ಆಕಾರದಿಂದಲೇ ಗುರುತಿಸಿ ತೋರಿಸಿದ್ದರು.

ಅಡ್ಡಹೆಸರಿಗೆ ನಿಮ್ಮ ಗೆಳೆಯರ ನಂಬಿಕೆಯನ್ನು ಸಾಲ ತರಬೇಡಿ. ಆ ಹೆಸರು ಸೊನ್ನೆಯಿಂದ ಶುರು ಮಾಡಲಿ, ಬರೆದು ಬರೆದು ನಂಬಿಕೆ ಗಳಿಸಲಿ. ಪಿಜಿಪಿಯಲ್ಲೇ ಸಹಿ ಬೇಕೇ ಬೇಕು ಅಂದರೆ ಲೋಕಲ್ ಸಹಿ ಅಂತ ಒಂದಿದೆ, ಹಾಕಿದವರ ಕಂಪ್ಯೂಟರ್‌ನಿಂದ ಅದು ಹೊರಗೆ ಹೋಗುವುದಿಲ್ಲ. ನನಗೆ ಆಗ ಗೊತ್ತಿರಲಿಲ್ಲ. 2019ರಲ್ಲಿ ಬಂದ ಕೀಸ್.ಓಪನ್‌ಪಿಜಿಪಿ.ಆರ್ಗ್ ಸರ್ವರ್ ಬೇರೆಯವರ ಸಹಿಗಳನ್ನು ಹಂಚುವುದೇ ಇಲ್ಲ. ನಾವು ಬಳಸಿದ ಹಳೇ ಸರ್ವರ್‌ಗಳು ಸೇರಿಸಲು ಮಾತ್ರ ಬಿಡುತ್ತಿದ್ದವು, ಅಳಿಸಲು ಅಲ್ಲ. ಕೀ ರದ್ದು ಮಾಡಿದೆ. "ರದ್ದಾಗಿದೆ" ಎಂಬ ಗುರುತು ಬಂತು, ಅದರ ಕೆಳಗೆ ಮೂವರ ಸಹಿ ಹಾಗೇ ಇತ್ತು, ತಾರೀಖು ಸಮೇತ.