ಲೇನ್‌ಗಳನ್ನು ಒಂದೇ ತಲೆಬರಹದಡಿ ಸೇರಿಸುವುದು ಹೇಗೆ?

ಪ್ರಶ್ನೆ: ಕುಶಾಲನಗರದ ಹತ್ತಿರ ಒಂದು ಕಾಫಿ ಕ್ಯೂರಿಂಗ್ ವರ್ಕ್ಸ್‌ನ (ಒಣಗಿದ ಕಾಫಿಯ ಸಿಪ್ಪೆ ತೆಗೆದು ವಿಂಗಡಿಸುವ ಕಾರ್ಖಾನೆ) ಆಫೀಸಿನಲ್ಲಿ ಕೆಲಸ ಮಾಡುತ್ತೇನೆ. ಕಾಫಿ ತೋಟದಿಂದ ಹೊರಟು ನಮ್ಮಲ್ಲಿ ಬಿಲ್ ಆಗುವವರೆಗಿನ ಕೆಲಸವನ್ನೆಲ್ಲ ಒಂದೇ ಚಿತ್ರದಲ್ಲಿ ತೋರಿಸಿ ಎಂದು ಮ್ಯಾನೇಜರ್ ಹೇಳಿದ್ದಾರೆ. ಚಿತ್ರ ಬರೆಯುವ ತಂತ್ರಾಂಶ ಡ್ರಾ ಡಾಟ್ ಐಓದಲ್ಲಿ 9 ಲೇನ್ (ಉದ್ದನೆಯ ಪಟ್ಟೆ) ಹಾಕಿದ್ದೇನೆ: ತೋಟದ ಮಾಲೀಕರು, ರೈಟರ್ (ತೋಟದ ಕೆಲಸ, ಲೆಕ್ಕ ನೋಡಿಕೊಳ್ಳುವವರು), ಒಣಗಿಸುವುದು, ಲಾರಿ, ತೂಕ, ಲ್ಯಾಬ್, ಗೋದಾಮು, ಮಿಲ್ಲಿಂಗ್, ಅಕೌಂಟ್ಸ್. ಇವನ್ನು ‘ತೋಟ’, ‘ವರ್ಕ್ಸ್’ ಎಂದು ಎರಡು ಗುಂಪು ಮಾಡಬೇಕು. ಸೆಲೆಕ್ಟ್ ಮಾಡಿ ಗ್ರೂಪ್ ಕೊಟ್ಟರೆ ತಲೆಬರಹ ಬರುವುದಿಲ್ಲ. ಲೇನ್ ಎಳೆದರೆ ಕೆಲವು ಬಾಕ್ಸ್‌ಗಳು ಅಲ್ಲೇ ಉಳಿದುಬಿಡುತ್ತವೆ. ಏನು ಮಾಡಲಿ ಸರ್?
— ಒಬ್ಬ ಓದುಗರು, ಕುಶಾಲನಗರ

ಉತ್ತರ: ಮೌಸ್ ಮುಟ್ಟುವ ಮೊದಲು ನಿಮ್ಮ ಪಟ್ಟಿಯನ್ನೇ ಒಮ್ಮೆ ನೋಡೋಣ. ಅರ್ಧ ತೊಂದರೆ ಅಲ್ಲೇ ಇದೆ.

ಲೇನ್ ಎಂದರೆ ಕೆಲಸ ಯಾರದು ಎಂದು ಹೇಳುವ ಪಟ್ಟೆ. ರೈಟರ್, ಮಾಲೀಕರು, ಲ್ಯಾಬ್, ಅಕೌಂಟ್ಸ್, ಇವೆಲ್ಲ ಸರಿ. ‘ಒಣಗಿಸುವುದು’ ಯಾರೂ ಅಲ್ಲ, ಅದೊಂದು ಕೆಲಸ. ಅದನ್ನು ಲೇನ್ ಮಾಡಿದರೆ ಏನಾಗುತ್ತದೆ ನೋಡಿ. ಚೆರ್ರಿ ಮೊದಲು ತೋಟದ ಕಣದಲ್ಲಿ ಒಣಗುತ್ತದೆ. ನಿಮ್ಮಲ್ಲಿಗೆ ಬಂದ ಮೇಲೆ ಲ್ಯಾಬ್‌ನಲ್ಲಿ ತೇವಾಂಶ ಜಾಸ್ತಿ ಕಂಡರೆ ಮತ್ತೆ ಒಣಗಿಸಬೇಕು. ಆ ಎರಡನೇ ಸಲದ ಕೆಲಸ ನಿಮ್ಮ ಯಾರ್ಡ್‌ನಲ್ಲೇ ಆದರೆ, ಈ ಲೇನ್ ತೋಟದ ಗುಂಪಿಗೆ ಸೇರಬೇಕೋ ವರ್ಕ್ಸ್ ಗುಂಪಿಗೋ? ಎರಡಕ್ಕೂ ಸೇರದು. ಅದಕ್ಕೇ ಆ ಲೇನ್ ತೆಗೆದುಹಾಕಿ. ‘ಕಣದಲ್ಲಿ ಒಣಗಿಸುವುದು’ ಎಂಬ ಬಾಕ್ಸ್ ರೈಟರ್ ಲೇನ್‌ನಲ್ಲಿರಲಿ. ‘ಮತ್ತೆ ಒಣಗಿಸುವುದು’ ಎಂಬ ಇನ್ನೊಂದು ಬಾಕ್ಸ್ ಗೋದಾಮಿನ ಲೇನ್‌ಗೆ ಹೋಗಲಿ. ‘ತೂಕ’, ‘ಮಿಲ್ಲಿಂಗ್’ ಕೂಡ ಅಲ್ಲಿರುವ ವಿಭಾಗದ ಹೆಸರಾಗಿದ್ದರೆ ಮಾತ್ರ ಇರಲಿ.

ಕುಯ್ಲು, ಒಣಗಿಸುವುದು, ಸಾಗಣೆ, ಮಿಲ್ಲಿಂಗ್ ಎಂದು ಹಂತಗಳನ್ನೂ ತೋರಿಸಲೇಬೇಕು ಅಂತಿದ್ದರೆ ಅದಕ್ಕೆ ಬೇರೆ ದಾರಿ ಇದೆ. ಲೇನ್‌ಗಳು ಅಡ್ಡಡ್ಡ ಇದ್ದರೆ ಹಂತಗಳು ಮೇಲಿನಿಂದ ಕೆಳಕ್ಕೆ ಗೆರೆ ಎಳೆದ ಕಂಬಗಳಾಗುತ್ತವೆ. ವಿಸಿಯೋ ಎಂಬ ಇನ್ನೊಂದು ಚಿತ್ರ ಬರೆಯುವ ತಂತ್ರಾಂಶದಲ್ಲಿ ಇದಕ್ಕೆಂದೇ ಸೆಪರೇಟರ್ ಇದೆ.

ಈಗ ಗುಂಪಿನ ಮಾತು. ತೋಟ ಮತ್ತು ವರ್ಕ್ಸ್ ಎರಡನ್ನೂ ಒಂದೇ ಬಗೆಯ ಗುಂಪು ಎಂದು ನೀವು ತಿಳಿದಂತಿದೆ. ಹಾಗಲ್ಲ. ಕಾಫಿ ಬೆಳೆಗಾರರದು. ನಿಮ್ಮ ವರ್ಕ್ಸ್ ಅದನ್ನು ಹಲ್ಲಿಂಗ್ ಮಾಡಿ (ಸಿಪ್ಪೆ ತೆಗೆದು), ಗ್ರೇಡ್ ಮಾಡಿ, ಕೂಲಿ ಪಡೆದು ಕೊಡುತ್ತದೆ. ತೋಟದ ರೈಟರ್ ನಿಮ್ಮ ಮ್ಯಾನೇಜರ್ ಮಾತು ಕೇಳಬೇಕಾಗಿಲ್ಲ, ಅಲ್ವಾ? ಇಬ್ಬರೂ ಬೇರೆ ಬೇರೆ ಯಜಮಾನರ ಕೈಕೆಳಗಿನವರು. ಇಂಥ ಎರಡು ಸ್ವತಂತ್ರ ಪಾಲುದಾರರನ್ನು ಎರಡು ಪೂಲ್ (ಲೇನ್‌ಗಳನ್ನು ಒಳಗಿಟ್ಟುಕೊಳ್ಳುವ, ತಲೆಬರಹವಿರುವ ದೊಡ್ಡ ಚೌಕ) ಆಗಿ ಬರೆಯಬೇಕು. ಒಂದೇ ಸಂಸ್ಥೆಯ ಒಳಗಿನ ವಿಭಾಗಗಳನ್ನು ಆ ಪೂಲ್‌ನ ಒಳಗಿನ ಲೇನ್ ಆಗಿ ಬರೆಯಬೇಕು. ಲೇನ್ ಒಳಗೆ ಲೇನ್ ಇಟ್ಟರೂ ತಪ್ಪಿಲ್ಲ.

ಇದು ನನ್ನ ಇಷ್ಟದ ಮಾತಲ್ಲ. ವರ್ಕ್‌ಫ್ಲೋ ಬರೆಯಲು ಜಗತ್ತೆಲ್ಲ ಬಳಸುವ ಬಿಪಿಎಂಎನ್ ಎಂಬ ಪದ್ಧತಿಯ ನಿಯಮ. ಅದರ 2.0 ಆವೃತ್ತಿ ಬಂದದ್ದು 2011ರಲ್ಲಿ, 2013ರಲ್ಲಿ ಅದು ಐಎಸ್‌ಓ ಮಾನದಂಡವೂ ಆಯಿತು. ಅದರಲ್ಲಿ ಗಟ್ಟಿ ಗೆರೆಯ ಬಾಣ ಲೇನ್‌ನಿಂದ ಲೇನ್‌ಗೆ ಸಲೀಸಾಗಿ ಹೋಗಬಹುದು, ಪೂಲ್‌ನ ಗಡಿ ಮಾತ್ರ ದಾಟುವಂತಿಲ್ಲ. ಪೂಲ್‌ನಿಂದ ಪೂಲ್‌ಗೆ ತುಂಡು ಗೆರೆಯ ಬಾಣವೇ ಹೋಗಬೇಕು. ಅದು ಸಂದೇಶದ ಬಾಣ.

ಈ ನಿಯಮದ ಬೆಲೆ ನಿಮ್ಮ ಚಿತ್ರದಲ್ಲೇ ಗೊತ್ತಾಗುತ್ತದೆ. ಲ್ಯಾಬ್‌ನವರು ಸ್ಯಾಂಪಲ್ ತೆಗೆದು ಔಟ್‌ಟರ್ನ್ (ಒಣಗಿದ ಕಾಫಿಯಿಂದ ಎಷ್ಟು ಬೀಜ ಸಿಗುತ್ತದೆ ಎಂಬ ಲೆಕ್ಕ) ನೋಡುತ್ತಾರೆ. ಆ ಅಂಕಿ ಮಾಲೀಕರಿಗೆ ಹೋಗಬೇಕು, ಅವರು ಒಪ್ಪಬೇಕು. ಲ್ಯಾಬ್‌ನಿಂದ ಮಿಲ್ಲಿಂಗ್‌ಗೆ ನೇರವಾಗಿ ಒಂದು ಬಾಣ ಎಳೆದುಬಿಟ್ಟರೆ ಈ ಒಪ್ಪಿಗೆ ಚಿತ್ರದಲ್ಲಿ ಕಾಣುವುದೇ ಇಲ್ಲ. ಎರಡು ಪೂಲ್ ಮಾಡಿ ನೋಡಿ: ಲ್ಯಾಬ್‌ನಿಂದ ಮೇಲಕ್ಕೆ ಒಂದು ತುಂಡು ಗೆರೆ, ಮಾಲೀಕರಿಂದ ಕೆಳಕ್ಕೆ ಇನ್ನೊಂದು. ಆ ಎರಡು ಗೆರೆಗಳ ನಡುವೆ ಮೂಟೆ ಎಷ್ಟು ದಿನ ಗೋದಾಮಿನಲ್ಲಿ ಕಾಯುತ್ತದೆ ಎಂಬ ಪ್ರಶ್ನೆ ಆಗ ತಾನಾಗಿಯೇ ಏಳುತ್ತದೆ. ಸೀಸನ್‌ನಲ್ಲಿ ಬೆಳೆಗಾರರೊಡನೆ ಮಾತಿಗೆ ಮಾತು ಬೆಳೆಯುವುದು ಹೆಚ್ಚಾಗಿ ಇಂಥ ಜಾಗದಲ್ಲೇ. ನಿಮ್ಮ ಮ್ಯಾನೇಜರ್ ನೋಡಬೇಕಾದದ್ದೂ ಇದನ್ನೇ.

ಲಾರಿ ಯಾರದು ಎಂದು ನೀವು ಬರೆದಿಲ್ಲ. ತೋಟದ್ದಾದರೆ ತೋಟದ ಪೂಲ್‌ನಲ್ಲಿ ಒಂದು ಲೇನ್. ವರ್ಕ್ಸ್‌ನದಾದರೆ ನಿಮ್ಮ ಪೂಲ್‌ನಲ್ಲಿ. ಬಾಡಿಗೆ ಲಾರಿಯಾದರೆ ಅದೇ ಮೂರನೇ ಪೂಲ್. ಅದರ ಒಳಗೆ ಏನೂ ಬರೆಯಬೇಕಾಗಿಲ್ಲ, ಹೆಸರು ಹಾಕಿ ಖಾಲಿ ಬಿಡಿ. ಹಾಗೆ ಬಿಡುವುದಕ್ಕೂ ಬಿಪಿಎಂಎನ್‌ನಲ್ಲಿ ಅವಕಾಶವಿದೆ.

ಇನ್ನು ಡ್ರಾ ಡಾಟ್ ಐಓ. ಕಂಟ್ರೋಲ್ ಜಿ ಒತ್ತಿದರೆ ಆಗುವ ಗ್ರೂಪ್ ಬರೀ ಅಂಟು. ಅದಕ್ಕೆ ತಲೆಬರಹ ಇಲ್ಲ, ಒಂದರ ಕೆಳಗೆ ಒಂದು ಲೇನ್ ಜೋಡಿಸುವ ಬುದ್ಧಿಯೂ ಇಲ್ಲ. ಅಂಚು ಹಿಡಿದು ಎಳೆದರೆ ಒಳಗಿನ ಬಾಕ್ಸ್‌ಗಳೂ ಸೇರಿ ಹಿಗ್ಗುತ್ತವೆ. ನಿಮಗೆ ಬೇಕಾದದ್ದು ಕಂಟೇನರ್, ಅಂದರೆ ಬೇರೆ ಆಕಾರಗಳನ್ನು ತನ್ನೊಳಗೆ ಹಿಡಿದಿಟ್ಟುಕೊಳ್ಳುವ ಆಕಾರ. ಎಡಗಡೆ ಹುಡುಕುವ ಜಾಗದಲ್ಲಿ ಪೂಲ್ ಎಂದು ಇಂಗ್ಲಿಷಿನಲ್ಲಿ ಟೈಪ್ ಮಾಡಿ. ಹಾರಿಜಾಂಟಲ್ ಪೂಲ್ ಒಂದನ್ನು ಹಾಳೆಗೆ ಎಳೆದು ‘ಕ್ಯೂರಿಂಗ್ ವರ್ಕ್ಸ್’ ಎಂದು ಹೆಸರಿಡಿ. ಈಗ ಇನ್ನೊಂದು ಹಾರಿಜಾಂಟಲ್ ಪೂಲ್ ತೆಗೆದುಕೊಂಡು ಇದರ ಮೇಲೆ ತನ್ನಿ. ಹೊರಗಿನ ಪೂಲ್‌ನ ಅಂಚು ಬಣ್ಣ ಬಂದು ಎದ್ದು ಕಂಡಾಗ ಬಿಡಿ. ಅದು ಒಳಗೆ ಹೋಗಿ ಉಳಿದ ಲೇನ್‌ಗಳ ಸಾಲಿನಲ್ಲಿ ಕೂರುತ್ತದೆ. ಅದಕ್ಕೆ ‘ಕಾರ್ಖಾನೆ’ ಎಂದು ಹೆಸರಿಟ್ಟು, ತೂಕ, ಲ್ಯಾಬ್, ಗೋದಾಮು, ಮಿಲ್ಲಿಂಗ್ ಇವುಗಳ ಲೇನ್ ಅದರೊಳಗೆ ಹಾಕಿ. ಬೇಡದ ಖಾಲಿ ಲೇನ್‌ಗಳನ್ನು ಕೊನೆಗೆ ಅಳಿಸಿ. ಅಕೌಂಟ್ಸ್ ಒಂದೇ ಇರುವುದರಿಂದ ಅದಕ್ಕೊಂದು ಗುಂಪು ಬೇಡ, ಸುಮ್ನೆ ಒಂದು ಲೇನ್ ಆಗಿ ಹೊರಗಿನ ಪೂಲ್‌ನಲ್ಲಿ ಇರಲಿ. ಇದಕ್ಕಿಂತ ಆಳಕ್ಕೆ ಹೋಗಬೇಡಿ. ಮೂರನೇ ಸುತ್ತಿನ ತಲೆಬರಹ ಬಂದರೆ ಹಾಳೆಯ ಎಡಭಾಗವೆಲ್ಲ ಹೆಸರುಗಳಿಗೇ ಹೋಗುತ್ತದೆ.

ಬಾಕ್ಸ್ ಹಿಂದೆ ಉಳಿಯುವುದಕ್ಕೆ ಕಾರಣ ಒಂದೇ. ಅದು ಲೇನ್‌ನ ಮೇಲೆ ಕೂತಂತೆ ಕಾಣುತ್ತದೆ, ಆದರೆ ಲೇನ್‌ಗೆ ಸೇರಿಲ್ಲ. ಪೂಲ್‌ನ ತಲೆಬರಹ ಹಿಡಿದು ಸ್ವಲ್ಪ ಸರಿಸಿ ನೋಡಿ. ಯಾವ ಬಾಕ್ಸ್ ಕದಲಲಿಲ್ಲವೋ ಅದು ಹೊರಗಿನದು. ಕಂಟ್ರೋಲ್ ಝಡ್ ಒತ್ತಿ ಎಲ್ಲವನ್ನೂ ಮೊದಲಿನ ಜಾಗಕ್ಕೆ ತನ್ನಿ. ಆ ಬಾಕ್ಸ್‌ನ್ನು ಪೂಲ್‌ನಿಂದ ಪೂರ್ತಿ ಹೊರಗೆ ಎಳೆದು, ಲೇನ್‌ನ ಅಂಚು ಬಣ್ಣ ಬಂದಾಗ ಮತ್ತೆ ಒಳಗೆ ಬಿಡಿ.

ಸಂದೇಶದ ಬಾಣ ಮಾತ್ರ ನೀವೇ ನೆನಪಿಟ್ಟು ಹಾಕಬೇಕು. ಗಟ್ಟಿ ಗೆರೆ ಪೂಲ್ ದಾಟಿದರೂ ಡ್ರಾ ಡಾಟ್ ಐಓ ತಡೆಯುವುದಿಲ್ಲ.

ಬಿಪಿಎಂಎನ್‌ನಲ್ಲಿ ಇನ್ನೊಂದು ಬಗೆಯ ಗುಂಪೂ ಇದೆ, ನಿಮಗೆ ಉಪಯೋಗಕ್ಕೆ ಬರುತ್ತದೆ. ಗೆರೆ–ಚುಕ್ಕಿ ಅಂಚಿನ, ಮೂಲೆ ದುಂಡಗಿನ ಚೌಕ. ಇದು ಲೇನ್, ಪೂಲ್ ಎಲ್ಲದರ ಮೇಲೂ ಹಾದು ಹೋಗಬಹುದು, ಕೆಲಸದ ಹರಿವನ್ನು ಬದಲಿಸುವುದಿಲ್ಲ. ಕುಯ್ಲಿನ ಹೊತ್ತಿನಲ್ಲಿ ಅಕಾಲ ಮಳೆ ಬಂದರೆ ನಿಂತುಹೋಗುವ ಕೆಲಸಗಳು ಕಣದಲ್ಲೂ ಇವೆ, ನಿಮ್ಮ ಯಾರ್ಡ್‌ನಲ್ಲೂ ಇವೆ. ಅವುಗಳ ಸುತ್ತ ಇದನ್ನು ಎಳೆದು ‘ಮಳೆ ಬಂದರೆ ನಿಲ್ಲುವ ಕೆಲಸ’ ಎಂದು ಬರೆಯಿರಿ.

ಪ್ರಶ್ನೆ: ನಮ್ಮ ಆಫೀಸಿನಲ್ಲಿ ಲಿಬ್ರೆಆಫೀಸ್ ಡ್ರಾ ಮಾತ್ರ ಇದೆ. ಅದರಲ್ಲಿ ಲೇನ್ ಬರೆಯಬಹುದಾ?
— ಒಬ್ಬ ಓದುಗರು, ವಿರಾಜಪೇಟೆ

ಉತ್ತರ: ಚೌಕ ಎಳೆದು ಬರೆಯಬಹುದು. ಕಂಟ್ರೋಲ್ ಶಿಫ್ಟ್ ಜಿ ಒತ್ತಿದರೆ ಗ್ರೂಪ್ ಆಗುತ್ತದೆ. ಅದನ್ನು ಬಿಡಿಸದೆ ಒಳಗಿನ ಬಾಕ್ಸ್ ತಿದ್ದಲು ಎಫ್3, ಹೊರಗೆ ಬರಲು ಕಂಟ್ರೋಲ್ ಎಫ್3. ನಾಲ್ಕೈದು ಲೇನ್‌ವರೆಗೆ ಸಾಕು. ಅದಕ್ಕಿಂತ ಜಾಸ್ತಿ ಆದರೆ ಒಂದು ಲೇನ್ ಹಿಗ್ಗಿಸಿದಾಗ ಉಳಿದವನ್ನೆಲ್ಲ ಕೈಯಲ್ಲೇ ಸರಿಸಬೇಕು. ಡ್ರಾ ಡಾಟ್ ಐಓ ದುಡ್ಡಿಲ್ಲದೆ ಸಿಗುತ್ತದೆ, ನೆಟ್ ಇಲ್ಲದಾಗಲೂ ನಡೆಯುವ ಡೆಸ್ಕ್‌ಟಾಪ್ ಆವೃತ್ತಿಯೂ ಇದೆ. ಮಳೆಗಾಲದಲ್ಲಿ ನೆಟ್ ಕೈಕೊಡುವ ನಮ್ಮ ಕಡೆಗೆ ಅದೇ ಅನುಕೂಲ.

ಪ್ರಶ್ನೆ: ಲೇನ್ ಹೆಸರು ಕನ್ನಡದಲ್ಲಿ ಹಾಕಿದರೆ ಎಡಗಡೆ ಪಟ್ಟಿಯಲ್ಲಿ ಹಿಡಿಸುವುದಿಲ್ಲ. ಬೇರೆ ಕಂಪ್ಯೂಟರಿನಲ್ಲಿ ತೆರೆದರೆ ಅಕ್ಷರಗಳೇ ಬೇರೆ ಕಾಣುತ್ತವೆ.
— ಒಬ್ಬ ಓದುಗರು, ಸೋಮವಾರಪೇಟೆ

ಉತ್ತರ: ಅಡ್ಡ ಪೂಲ್‌ನಲ್ಲಿ ಹೆಸರು ತಿರುಗಿ ನಿಲ್ಲುತ್ತದೆ. ಒತ್ತಕ್ಷರ ಇರುವ ಹೆಸರಿಗೆ ಆ ಪಟ್ಟಿ ಸಾಲದು. ಪಟ್ಟಿಯ ಅಗಲ ಹೆಚ್ಚಿಸಿ, ಇಲ್ಲವೇ ವರ್ಟಿಕಲ್ ಪೂಲ್ ಬಳಸಿ. ಅದರಲ್ಲಿ ಹೆಸರು ಮೇಲ್ಗಡೆ ನೆಟ್ಟಗೆ ಬರುತ್ತದೆ, ಓದುವುದೂ ಸುಲಭ. ಅಕ್ಷರ ಕೆಡುವುದು ಬೇರೆ ತೊಂದರೆ. ಬಹುಶಃ ನೀವು ಹಳೆಯ, ಯೂನಿಕೋಡ್ ಅಲ್ಲದ ಫಾಂಟ್‌ನಲ್ಲಿ ಟೈಪ್ ಮಾಡಿದ್ದೀರಿ. ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಅದು ಇಂಗ್ಲಿಷ್ ಅಕ್ಷರಗಳ ರಾಶಿಯಂತೆ ಕಾಣುತ್ತದೆ. ಯೂನಿಕೋಡ್‌ನಲ್ಲಿ ಮತ್ತೆ ಟೈಪ್ ಮಾಡಿ, ನಿರ್ಮಲಾ ಯುಐ ಅಥವಾ ನೋಟೋ ಸ್ಯಾನ್ಸ್ ಕನ್ನಡ ಫಾಂಟ್ ಇಡಿ. ಬೇರೆಯವರಿಗೆ ಬರೀ ನೋಡಲು ಕಳಿಸುವುದಾದರೆ ಪಿಡಿಎಫ್ ಮಾಡಿ ಕಳಿಸಿ.