ಹಂಚಿನ ಮೇಲಿನ 1865

ವಿರಾಜಪೇಟೆಯ ಓದುಗರೊಬ್ಬರ ಪತ್ರ: ‘ಪೇಟೆ ಬೀದಿಯಲ್ಲಿ ನಮ್ಮ ಅಜ್ಜನ ಕಾಲದ ಅಂಗಡಿ ಕಟ್ಟಡ ಇದೆ. ಕೆಳಗೆ ಅಂಗಡಿ, ಮೇಲೆ ಮಾಳಿಗೆ, ಮುಂದೆ ಜಗಲಿ. ಸೋರುವ ಕಡೆ ಹಂಚು ತೆಗೆದಾಗ ಬಾಸೆಲ್ ಮಿಷನ್, ಮಂಗಳೂರು, 1865 ಎಂಬ ಅಚ್ಚು ಕಾಣಿಸಿತು. ಕಟ್ಟಡಕ್ಕೆ ನೂರೈವತ್ತು ವರ್ಷ ದಾಟಿದೆ ಅಲ್ವಾ? ತಮ್ಮ ಹಲಗೆ ಬಾಗಿಲು ಕಿತ್ತು ಶಟರ್ ಹಾಕಿಸಿ, ಮೇಲೆ ಸ್ಲ್ಯಾಬ್ ಹಾಕೋಣ ಅನ್ನುತ್ತಿದ್ದಾನೆ. ಏನು ಹೇಳುತ್ತೀರಿ?’

ನಮಸ್ಕಾರ. ಆ 1865 ನಿಮ್ಮ ಹಂಚು ಬೆಂದ ವರ್ಷ ಅಲ್ಲ. ಸ್ವಿಟ್ಜರ್ಲೆಂಡಿನ ಕ್ರೈಸ್ತ ಸಂಸ್ಥೆಯಾದ ಬಾಸೆಲ್ ಮಿಷನ್‌ನವರು ಮಂಗಳೂರಿನ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ಶುರು ಮಾಡಿದ ವರ್ಷ. ಆಮೇಲೂ ಅದನ್ನೇ ಗುರುತಾಗಿ ಒತ್ತುತ್ತಾ ಬಂದರು. ಹಾಗಾಗಿ ಆ ಹಂಚು ಅದಕ್ಕಿಂತ ಹಳೆಯದಲ್ಲ ಎಂದಷ್ಟೇ ಹೇಳಬಹುದು.

ಇನ್ನೂ ನಾಲ್ಕು ಹಂಚು ತಿರುಗಿಸಿ ನೋಡಿ. ‘ಕಾಮನ್‌ವೆಲ್ತ್ ಟ್ರಸ್ಟ್’ ಎಂಬ ಹೆಸರು ಸಿಕ್ಕಿದರೆ ಅದು ಮೊದಲ ಮಹಾಯುದ್ಧದ ನಂತರದ್ದು. ಯುದ್ಧದ ಕಾಲದಲ್ಲಿ ಮಿಷನ್ನಿನ ಆಸ್ತಿಯನ್ನು ಬ್ರಿಟಿಷರು ವಶಕ್ಕೆ ತೆಗೆದುಕೊಂಡರು. ಕಾರ್ಖಾನೆಗಳು ಆಮೇಲೆ ಈ ಟ್ರಸ್ಟಿನ ಕೈಗೆ ಬಂದವು. ಒಂದೇ ಮಾಡಿನಲ್ಲಿ, ಅಂದರೆ ಛಾವಣಿಯಲ್ಲಿ, ಎರಡು ಮೂರು ಕಾರ್ಖಾನೆಯ ಹಂಚು ಕಂಡರೆ ಗಾಬರಿಯಾಗಬೇಡಿ. ಮಳೆಗಾಲಕ್ಕೆ ಮೊದಲು ಒಡೆದದ್ದನ್ನು ತೆಗೆದು, ಸಿಕ್ಕಿದ್ದನ್ನು ಹೊದಿಸುವುದು ನಮ್ಮ ಕಡೆ ಮಾಮೂಲು.

ಬೀದಿಯಂತೂ ಹಂಚಿಗಿಂತ ಹಿರಿಯದು. ಕೊಡಗಿನ ರಾಜ ದೊಡ್ಡ ವೀರರಾಜೇಂದ್ರ ಈ ಪೇಟೆ ಕಟ್ಟಿಸಿದ್ದು 1792ರಲ್ಲಿ. ಕೊಡಗಿನ ಅಕ್ಕಿ ಮಲಬಾರಿಗೆ ಇಳಿಯುತ್ತಿತ್ತು, ಅಲ್ಲಿಂದ ಉಪ್ಪು, ಒಣಮೀನು ಘಾಟಿ ಹತ್ತಿ ಬರುತ್ತಿತ್ತು. ನಿಮ್ಮ ಜಾಗದಲ್ಲಿ ಮೊದಲು ಹುಲ್ಲು ಹೊದಿಸಿದ ಅಂಗಡಿ ಇದ್ದಿರಬಹುದು. ಕಟ್ಟಡದ ವಯಸ್ಸು ಬೇಕಿದ್ದರೆ ಮಾಡು ಬಿಟ್ಟು ಕಾಗದ ಹುಡುಕಿ: ಹಳೆಯ ಕ್ರಯಪತ್ರ, ಪುರಸಭೆಯ ಕಂದಾಯದ ಪುಸ್ತಕ. ಕ್ರಯಪತ್ರದ ಚೆಕ್ಕುಬಂದಿಯಲ್ಲಿ (ನಾಲ್ಕು ದಿಕ್ಕಿನ ಗಡಿಯ ವಿವರದಲ್ಲಿ) ‘ಹುಲ್ಲಿನ ಅಂಗಡಿ’, ‘ಹೆಂಚಿನ ಅಂಗಡಿ’ ಎಂದು ಬರೆದಿದ್ದರೆ ನಿಮ್ಮ ಅದೃಷ್ಟ.

ಈಗ ತಮ್ಮನ ವಿಚಾರ. ಹಲಗೆ ಬಾಗಿಲನ್ನು ಒಮ್ಮೆ ಹತ್ತಿರದಿಂದ ನೋಡಲಿ. ಹೊಸ್ತಿಲಲ್ಲೂ ಮೇಲಿನ ಅಡ್ಡಪಟ್ಟಿಯಲ್ಲೂ ಉದ್ದಕ್ಕೆ ಸಂದು ಕೊರೆದಿರುತ್ತಾರೆ. ಹಲಗೆ ಒಳಗೆ ಇಳಿಯುವುದು ಒಂದೇ ಕಡೆ, ಅಲ್ಲಿಂದ ಒಂದೊಂದಾಗಿ ಸರಿಸಬೇಕು. ಕೊನೆಯ ಹಲಗೆಗೆ ಬೀಗ. ಕೈಯಲ್ಲಿ ಕೊಯ್ದ ಹಲಗೆ ಒಂದರಂತೆ ಇನ್ನೊಂದು ಇರುವುದಿಲ್ಲ, ಅದಕ್ಕೇ ತಲೆಯ ಹತ್ತಿರ ಗೀರೋ ಅಂಕಿಯೋ ಕೆತ್ತಿರುತ್ತಾರೆ. ದಿನಾ ಅಷ್ಟು ಹಲಗೆ ಎತ್ತಿಡುವುದು ಕಷ್ಟ, ಒಪ್ಪುತ್ತೇನೆ. ಒಳಗಡೆ ಶಟರ್ ಹಾಕಿಸಿ, ಹಲಗೆಯನ್ನು ಅಲ್ಲೇ ಇರಲು ಬಿಡಿ.

ಸ್ಲ್ಯಾಬ್ ಮಾತ್ರ ಬೇಡ. ಕೊಡಗಿನಲ್ಲಿ ತಾರಸಿ ಹಾಕಿಸಿದವರು ಎಷ್ಟೋ ಜನ ನಾಲ್ಕು ಮಳೆಗಾಲ ನೋಡಿ ಅದರ ಮೇಲೆ ಮತ್ತೆ ಶೀಟಿನ ಮಾಡು ಕಟ್ಟಿದ್ದಾರೆ. ಎರಡು ಸಲ ದುಡ್ಡು! ಇಳಿಜಾರು ಮಾಡಿನಲ್ಲಿ ನೀರು ನಿಲ್ಲುವುದಿಲ್ಲ, ಒಂದು ಹಂಚು ಹೋದರೆ ಒಂದನ್ನೇ ಬದಲಾಯಿಸಬಹುದು. ಅದೂ ಅಲ್ಲದೆ, ಹಳೆಯ ಗೋಡೆ ಸ್ಲ್ಯಾಬಿನ ಭಾರಕ್ಕೆ ಅಂತ ಕಟ್ಟಿದ್ದಲ್ಲ.

ಹಂಚಿಗಿಂತ ಮೊದಲು ಅದನ್ನು ಹೊತ್ತ ಮರದ ಪಟ್ಟಿ, ತೊಲೆಗಳನ್ನು, ಅಂದರೆ ರೀಪು, ಪಕ್ಕಾಸು ನೋಡಿಸಿ. ಸೋರುವ ಜಾಗದಲ್ಲಿ ಸ್ಕ್ರೂಡ್ರೈವರ್ ಚುಚ್ಚಿದಾಗ ಸಲೀಸಾಗಿ ಒಳಗೆ ಹೋದರೆ ಮರ ಕೊಳೆತಿದೆ ಅಂತ ಲೆಕ್ಕ. ಅಷ್ಟು ತುಂಡನ್ನು ಮಾತ್ರ ಬದಲಿಸುವ ಆಚಾರಿ ಸಿಕ್ಕಿದರೆ ಮೇ ತಿಂಗಳೊಳಗೆ ಕೆಲಸ ಮುಗಿಸಿಕೊಳ್ಳಿ.

— ಸಂಪಾದಕ